ಕ್ಲಚ್ಚಿನ ಮೇಲಿನ ಎಡಗಾಲು

ಕರಡಿಹಾಳದ ಭರಮಪ್ಪನಿಗೆ ಹಾವಿನ ಭಯವಿರಲಿಲ್ಲ, ದೆವ್ವದ ಭಯವಿರಲಿಲ್ಲ. ಹೆಂಡತಿ ಕಸ್ತೂರೆವ್ವನ ಭಯ ಎಲ್ಲ ಗಂಡಂದಿರಿಗೆ ಇರುವಷ್ಟೇ ಇತ್ತು. ಅವನಿಗಿದ್ದ ದೊಡ್ಡ ಭಯ ಒಂದು ಏರಿನದು.

ಅವನ ಹೊಲ ಊರಿನ ಕೆಳಗೆ, ಹಳ್ಳದ ದಂಡೆಯಲ್ಲಿತ್ತು. ಹೊಲದಿಂದ ಊರಿಗೆ ಬರಬೇಕಾದರೆ ಬಸರಿಗಿಡದ ಏರು ಹತ್ತಬೇಕು, ಬೇರೆ ದಾರಿಯಿಲ್ಲ. ಏರೇನು ಬಹಳ ಉದ್ದವಲ್ಲ. ಬೀಡಿ ಹಚ್ಚಿದವನು ಅರ್ಧ ಸೇದುವುದರೊಳಗೆ ಮುಗಿಯುತ್ತದೆ. ಆದರೆ ಕಡಿದಾಗಿದೆ. ಒಂದು ಕಡೆ ಮಣ್ಣಿನ ದಿಬ್ಬ, ಇನ್ನೊಂದು ಕಡೆ ಹಳ್ಳದ ಆಳ.

ಆರು ವರ್ಷದ ಹಿಂದೆ ಭರಮಪ್ಪ ಆ ಏರಿನಲ್ಲಿ ತೊಗರಿಯ ಚೀಲ ತುಂಬಿದ ಟ್ರೇಲರ್ ಎಳೆಸುತ್ತಿದ್ದ. ಅವನ ಅಪ್ಪ ಕೊಂಡಿದ್ದ ಹಳೆಯ ಕೆಂಪು ಟ್ರ್ಯಾಕ್ಟರ್ ಅದು. ನಡು ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟಿತು. ಗಾಡಿ ಹಿಂದೆ ಸರಿಯತೊಡಗಿತು. ಮಡ್‌ಗಾರ್ಡಿನ ಮೇಲೆ ಕೂತಿದ್ದ ಅಣ್ಣ ಬಾಳಪ್ಪ ಕೆಳಗೆ ಹಾರಿ, ಟ್ರೇಲರಿನ ಗಾಲಿಯ ಹಿಂದೆ ಕಲ್ಲು ಕೊಡಲು ಓಡಿದ. ಗಾಲಿ ಕಲ್ಲನ್ನು ಜಾರಿಸಿ ದಾಟಿತು, ಬಾಳಪ್ಪನ ಬಲಗಾಲನ್ನೂ ದಾಟಿತು. ಆಮೇಲೆ ಟ್ರೇಲರ್ ದಿಬ್ಬಕ್ಕೆ ತಾಗಿ ನಿಂತಿತು. ಬಾಳಪ್ಪನ ಜೀವ ಉಳಿಯಿತು. ಕಾಲು ಮಾತ್ರ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅವನು ಕುಂಟುತ್ತ ನಡೆಯುತ್ತಾನೆ.

"ಬ್ರೇಕ್ ಹಿಡಿಲಿಲ್ಲ," ಎಂದು ಭರಮಪ್ಪ ಅವತ್ತು ಅಳುತ್ತ ಹೇಳಿದ್ದ. ಊರೂ ಅದನ್ನೇ ಹೇಳಿತು. ಹಳೆಯ ಗಾಡಿ, ಬ್ರೇಕು ತಪ್ಪಿತು, ಪಾಪ ಅವನೇನು ಮಾಡಿಯಾನು ಎಂದರು. ವಾರದೊಳಗೆ ಬ್ರೇಕಿನ ಸಾಮಾನೆಲ್ಲ ಹೊಸದು ಬಂತು. ಮಾತು ಅಲ್ಲಿಗೆ ಮುಗಿಯಿತು.

ಭರಮಪ್ಪನ ಭಯ ಮಾತ್ರ ಮುಗಿಯಲಿಲ್ಲ. ಅಂದಿನಿಂದ ಟ್ರ್ಯಾಕ್ಟರ್ ಏರಿದನೆಂದರೆ ಅವನ ಎಡಗಾಲು ಕ್ಲಚ್ ಪೆಡಲ್ ಬಿಟ್ಟು ಕದಲುತ್ತಿರಲಿಲ್ಲ. ಸಪಾಟು ರಸ್ತೆಯಲ್ಲೂ ಅಲ್ಲೇ, ನೇಗಿಲು ಹೂಡಿದಾಗಲೂ ಅಲ್ಲೇ. ಏನಾದರೂ ಆದರೆ ತಟ್ಟನೆ ತುಳಿಯಬಹುದು ಎಂಬ ಧೈರ್ಯ. ಭಯಸ್ಥರು ಇಂಥದ್ದಕ್ಕೇ ಧೈರ್ಯ ಎನ್ನುತ್ತಾರೆ.

ಈ ವರ್ಷ ತೊಗರಿಯ ರಾಶಿಯಾಗುವ ಹೊತ್ತಿಗೆ ಟ್ರ್ಯಾಕ್ಟರ್ ಕೈಕೊಡತೊಡಗಿತು. ಭಾರ ಬಿದ್ದ ಕೂಡಲೇ ಎಂಜಿನ್ ಹೋ ಎಂದು ಕೂಗುವುದು, ಗಾಲಿ ಮಾತ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಮೆಲ್ಲಗೆ ಉರುಳುವುದು. ಜೊತೆಗೆ ಸುಟ್ಟ ವಾಸನೆ. ಒಬ್ಬ ಡೀಸೆಲ್ ಪಂಪ್ ಕೆಟ್ಟಿದೆ ಎಂದ. ಇನ್ನೊಬ್ಬ ಡೀಸೆಲ್ಲೇ ಕೆಟ್ಟಿದೆ ಎಂದ. ಓಣಿಯ ಹಿರಿಯ ಮುದುಕಿ ದೃಷ್ಟಿಯಾಗಿದೆ ಎಂದಳು. ಕಸ್ತೂರೆವ್ವ ಬಂಪರಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಲಿಂಬೆಹಣ್ಣು ಒಣಗಿತು, ಎಂಜಿನ್ ಕೂಗುವುದು ಹಾಗೇ ಉಳಿಯಿತು.

ಎಳ್ಳಮವಾಸ್ಯೆಗೆ ಹನ್ನೆರಡು ದಿನ ಇತ್ತು. ಆ ದಿನ ಆ ಸೀಮೆಯ ಮಂದಿ ಮನೆಯಲ್ಲಿ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಸೇಂಗಾ ಹೋಳಿಗೆ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಅಡುಗೆಯ ತುತ್ತನ್ನು ಬೆಳೆಯ ಮೇಲೆ ಎರಚಿ ಭೂಮಿತಾಯಿಗೆ ಚರಗ ಚೆಲ್ಲಬೇಕು, ಬೆಳೆಯ ನಡುವೆ ಕೂತು ಉಣ್ಣಬೇಕು. ಪ್ರತಿ ವರ್ಷ ಓಣಿಯ ಹದಿನೈದಿಪ್ಪತ್ತು ಹೆಂಗಸರು, ಮಕ್ಕಳು, ಮುದುಕರು ಭರಮಪ್ಪನ ಟ್ರೇಲರಿನಲ್ಲೇ ಹೋಗಿ ಬರುತ್ತಿದ್ದರು. ಹೋಗುವಾಗ ಇಳಿಜಾರು, ಚಿಂತೆಯಿಲ್ಲ. ಬರುವಾಗ ಬಸರಿಗಿಡದ ಏರು. ಪ್ರತಿ ವರ್ಷ ಆ ಅರ್ಧ ಬೀಡಿಯ ಹೊತ್ತು ಭರಮಪ್ಪ ಸತ್ತು ಹುಟ್ಟುತ್ತಿದ್ದ. ಹಿಂದೆ ಹೆಂಗಸರು ಹಾಡು ಹೇಳುತ್ತಿದ್ದರೆ ಮುಂದೆ ಅವನ ಬೆನ್ನು ಬೆವರುತ್ತಿತ್ತು.

ಮೇಲೇರುವಾಗ ಇದು ಪೂರ್ತಿ ಕೈಬಿಟ್ಟರೆ ಏನು ಗತಿ? ಈ ಪ್ರಶ್ನೆ ಅವನ ನಿದ್ದೆಯನ್ನು ತಿಂದಿತು. ಅನ್ನ ಸೇರಲಿಲ್ಲ. ಕೊನೆಗೆ ಅವನು ಟ್ರ್ಯಾಕ್ಟರನ್ನು ಮೆಲ್ಲಗೆ ಓಡಿಸಿಕೊಂಡು ದಾವಲಸಾಬನ ಹತ್ತಿರ ಹೋದ.

ದಾವಲಸಾಬ ಮುದುಕ. ಊರ ಹೊರಗೆ ಹುಣಸೆಮರದ ಕೆಳಗೆ ಅವನ ಕೆಲಸ. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದ ಕಪ್ಪು ಮಣ್ಣು. ಸುತ್ತಿನ ಹಳ್ಳಿಗಳ ಅರ್ಧ ಟ್ರ್ಯಾಕ್ಟರುಗಳ ಹೊಟ್ಟೆ ಬಿಚ್ಚಿ ನೋಡಿದವನು. ಊರಿನವರು ಅವನನ್ನು ದಾವಲ ಕಾಕಾ ಎನ್ನುತ್ತಾರೆ. ಅವನದೊಂದು ಪದ್ಧತಿ ಇತ್ತು. ಗಾಡಿ ಬಂದ ಕೂಡಲೇ ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಮೊದಲು ಚಹಾ ಕುಡಿಯುತ್ತಿದ್ದ, ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದ. ಅವಸರದವರಿಗೆ ಇದನ್ನು ನೋಡಿ ಮೈ ಉರಿಯುತ್ತಿತ್ತು.

"ಕಾಕಾ, ಹೋದ ಯುಗಾದಿಗೇ ಪ್ಯಾಟ್ಯಾಗ ಹೊಸಾ ಕ್ಲಚ್ ಪ್ಲೇಟ್ ಹಾಕಿಸೀನಿ. ಇನ್ನೂ ವರ್ಷ ತುಂಬಿಲ್ಲ. ಇದು ಎಂಜಿನ್ ದೋಷನ ಇರಬೇಕು," ಎಂದ ಭರಮಪ್ಪ.

"ಇರಬೌದು, ಇರಲಿಕ್ಕಿಲ್ಲ. ಗಾಡಿನ ಕೇಳೂಣು," ಎಂದ ದಾವಲಸಾಬ.

ಅವನು ಟ್ರ್ಯಾಕ್ಟರ್ ಏರಿ ಚಾಲೂ ಮಾಡಿದ. ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿದ. ಬಲಗಾಲಿನಲ್ಲಿ ಎರಡೂ ಬ್ರೇಕ್ ಒತ್ತಿ ಹಿಡಿದು, ಎಡಗಾಲನ್ನು ಕ್ಲಚ್ಚಿನಿಂದ ತೆಗೆದ.

"ಈಗ ಎಂಜಿನ್ ಸಾಯಬೇಕು. ಗಾಲಿ ಕಟ್ಟಿ ಹಾಕೀನಿ, ಕ್ಲಚ್ ಬಿಟ್ಟೀನಿ. ಕ್ಲಚ್ಚಿಗೆ ಹಿಡಿತ ಇದ್ರ ಎಂಜಿನ್ ಗಪ್ಪಂತ ನಿಂದ್ರಬೇಕು," ಎಂದ.

ಎಂಜಿನ್ ಸಾಯಲಿಲ್ಲ. ಗುಡುಗುಡು ಎನ್ನುತ್ತ ಸುಖವಾಗಿ ತಿರುಗಿತು. ಸುಟ್ಟ ವಾಸನೆ ಮೇಲೆದ್ದಿತು. ದಾವಲಸಾಬ ಕೂಡಲೇ ಆರಿಸಿದ.

"ಎಂಜಿನ್ ಗಟ್ಟಿ ಐತಿ. ಜಾರೂದು ಕ್ಲಚ್ಚ," ಎಂದು ಇಳಿದ.

ಆಮೇಲೆ ಅವನು ಟ್ರ್ಯಾಕ್ಟರಿನ ಕೆಳಗೆ ತೂರಿ, ಕ್ಲಚ್ ಇರುವ ಗೂಡಿನ ಅಡಿಯ ಸಣ್ಣ ತೂತಿಗೆ ಬೆರಳು ಹಾಕಿ ಒರೆಸಿ ನೋಡಿದ. ಒಳಗೆ ಎಣ್ಣೆ ಸೋರಿ ಪ್ಲೇಟು ತೊಯ್ದಿದ್ದರೂ ಕ್ಲಚ್ ಜಾರುತ್ತದೆ, ಆಗ ಆ ತೂತಿನಲ್ಲಿ ಎಣ್ಣೆ ಜಿನುಗುತ್ತದೆ. ಬೆರಳಿಗೆ ಒಣ ಧೂಳು ಹತ್ತಿತು. ಎಣ್ಣೆಯ ತಪ್ಪಲ್ಲ ಎಂದಾಯಿತು. ಆಮೇಲೆ ಕ್ಲಚ್ ಪೆಡಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿದ. ಮೊದಲ ಎರಡು ಬೆರಳಿನಷ್ಟು ಅದು ಸಡಿಲಾಗಿ ಆಡಬೇಕು. ಮೆಕ್ಯಾನಿಕರು ಅದಕ್ಕೆ ಪ್ಲೇ ಎನ್ನುತ್ತಾರೆ. ಈ ಪೆಡಲ್ ಕೂದಲೆಳೆಯಷ್ಟೂ ಆಡಲಿಲ್ಲ.

"ಇದರ ಪ್ಲೇ ತಗದವರು ಯಾರು?"

"ನಾನ ರಾಡ್ ಬಿಗಿ ಮಾಡೀನಿ ಕಾಕಾ. ಕಾಲ ಮುಟ್ಟಿದ ಕೂಡ್ಲೆ ಕ್ಲಚ್ ಬಿಡಬೇಕಂತ."

"ಅಷ್ಟ್ಯಾಕ ಅವಸರ?"

ದಾವಲಸಾಬ ಬಗ್ಗಿ ಪೆಡಲುಗಳನ್ನು ನೋಡಿದ. ಬ್ರೇಕ್ ಪೆಡಲುಗಳ ಮೇಲಿನ ಗೀರುಗಳು ಇನ್ನೂ ಬೆರಳಿಗೆ ಚುಚ್ಚುತ್ತಿದ್ದವು. ಕ್ಲಚ್ ಪೆಡಲ್ ಮಾತ್ರ ಸವೆದು, ನುಣ್ಣಗಾಗಿ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮುದುಕ ತಿರುಗಿ ಭರಮಪ್ಪನ ಪಾದದ ಕಡೆ ನೋಡಿದ.

"ಚಪ್ಲಿ ಬಿಡು," ಎಂದ.

ಚಪ್ಪಲಿ ಬಿಡಿಸಿ ಎರಡನ್ನೂ ಮಗುಚಿ ಹಾಕಿದ. ಬಲಗಾಲಿನದು ಇನ್ನೂ ಒಂದು ವರ್ಷ ಬಾಳುವಂತಿತ್ತು. ಎಡಗಾಲಿನದು ಹೆಬ್ಬೆರಳ ಬುಡದಲ್ಲಿ ತೂತು ಬೀಳುವಷ್ಟು ಸವೆದಿತ್ತು. ಭರಮಪ್ಪ ತನ್ನ ಚಪ್ಪಲಿಯನ್ನು ಅಷ್ಟು ವರ್ಷದಲ್ಲಿ ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನ ಮುಖ ಬಿಳಿಚಿತು.

"ರೋಗ ಸಿಕ್ತು. ಎಷ್ಟ ಬ್ಯಾನಿ ಆಗೇತಿ ಅನ್ನೂದು ಬಿಚ್ಚಿ ನೋಡೂಣು," ಎಂದ ದಾವಲಸಾಬ.

ಇಲ್ಲಿ ಒಂದು ನಿಜ ಹೇಳಬೇಕು. ಭರಮಪ್ಪನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆಯಿತ್ತು. ಗಾಡಿ ಇನ್ನು ಕೆಲಸಕ್ಕೆ ಬಾರದು ಎಂದು ಕಾಕಾ ಹೇಳಿಬಿಟ್ಟರೆ ಸಾಕು. ಈ ಎಳ್ಳಮವಾಸ್ಯೆಗೆ ಎಲ್ಲರೂ ನಡೆದುಕೊಂಡು ಹೋಗುತ್ತಾರೆ, ಏರಿನ ಕಾಟ ತಪ್ಪುತ್ತದೆ. ಹೆದರಿದವನು ಮೊದಲು ಕೆಲಸ ಕೆಡಲಿ ಎಂದೇ ಹಾರೈಸುತ್ತಾನೆ.

ಕ್ಲಚ್ ಬಿಚ್ಚುವುದೆಂದರೆ ಟ್ರ್ಯಾಕ್ಟರನ್ನು ಎರಡು ಭಾಗ ಮಾಡುವುದು. ದಾವಲಸಾಬ ಬಾನೆಟ್ ತೆಗೆದ, ಬ್ಯಾಟರಿ ಇಳಿಸಿದ, ಡೀಸೆಲ್ ಪೈಪು, ತಂತಿಗಳನ್ನು ಬಿಡಿಸಿದ. ಎಂಜಿನ್ನಿನ ಕೆಳಗೆ ಜ್ಯಾಕ್ ಕೊಟ್ಟು, ಮರದ ತುಂಡುಗಳನ್ನು ಪೇರಿಸಿದ. ನಡುವಿನ ಬೋಲ್ಟುಗಳನ್ನು ಬಿಚ್ಚಿದ ಮೇಲೆ ಇಬ್ಬರೂ ಸೇರಿ ಹಿಂದಿನ ಭಾಗವನ್ನು ತುಸುತುಸುವೇ ಹಿಂದಕ್ಕೆ ತಳ್ಳಿದರು. ಇಪ್ಪತ್ತೆರಡು ವರ್ಷ ದುಡಿದ ಗಾಡಿ ನಡು ಮುರಿದು ನಿಂತಿತು. ಭರಮಪ್ಪನಿಗೆ ನೋಡಲಾಗಲಿಲ್ಲ.

ದಾವಲಸಾಬ ಕ್ಲಚ್ ಪ್ಲೇಟು ಹೊರಗೆ ತೆಗೆದು ಅವನ ಕೈಗಿಟ್ಟ. ಊಟದ ತಟ್ಟೆಯಷ್ಟು ಅಗಲದ್ದು. ಎರಡೂ ಬದಿಯ ಪಟ್ಟಿ ಸವೆದು ರಿವೆಟ್ಟುಗಳು ಹೊರಗೆ ಬಂದಿದ್ದವು. ಅದು ಒತ್ತಿ ಕೂರುವ ಎಂಜಿನ್ನಿನ ಚಕ್ರ ಕಾವಿಗೆ ನೀಲಿಗಟ್ಟಿತ್ತು. ಕ್ಲಚ್ ಬಿಡಿಸುವ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಹಲ್ಲು ಕಡಿದಂಥ ಸದ್ದು ಬಂತು.

"ಕೇಳು ತಮ್ಮಾ. ಮುಂದ ಎಂಜಿನ್, ಹಿಂದ ಗಾಲಿ, ನಡುವ ಈ ಪ್ಲೇಟು. ನೀ ಕಾಲ ತಗದಾಗ ಸ್ಪ್ರಿಂಗು ಇದನ್ನ ಅದುಮಿ ಹಿಡಿತಾವ, ಎಂಜಿನ್ ಶಕ್ತಿ ಗಾಲಿಗೆ ಹೋಗತೈತಿ. ಪೂರಾ ತುಳದಾಗ ಪೂರಾ ಬಿಡತಾವ. ನೀ ಏನ ಮಾಡೀದಿ? ತುಳದೂ ಇಲ್ಲ, ಬಿಟ್ಟೂ ಇಲ್ಲ. ಆರ ವರ್ಷ ಸುಮ್ಮನ ಕಾಲ ಇಟಗೊಂಡ ಕುಂತಿ. ಪ್ಲೇಟ್ ಅರ್ಧ ಹಿಡದು, ಅರ್ಧ ಜಾರಿ, ತನ್ನಷ್ಟಕ್ಕ ತಾನ ಸುಟ್ಟೈತಿ. ಹೊಸಾದು ಹಾಕಿದ್ರ ಅದನ್ನೂ ಸುಟ್ಟಿ."

"ಏನರ ಆದ್ರ ತಟ್ಟನ ತುಳಿಬೇಕಲ್ಲ ಕಾಕಾ. ಆ ಏರಿನ್ಯಾಗ ಗಾಡಿ ಹಿಂದ ಬಂದ್ರ?"

ದಾವಲಸಾಬ ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟ.

"ಏರಿನ್ಯಾಗ ಕ್ಲಚ್ ತುಳದ್ರ ಏನಾಗತೈತಿ, ಹೇಳು ನೋಡೂಣು."

"ಗಾಡಿ..." ಎಂದು ಭರಮಪ್ಪ ಬಾಯಿ ತೆರೆದ. ನಿಲ್ಲುತ್ತದೆ ಎನ್ನುವವನಿದ್ದ. ಆದರೆ ಕೈಯಲ್ಲಿ ಆ ಪ್ಲೇಟು ಇತ್ತು. ತುಳಿದರೆ ಸ್ಪ್ರಿಂಗು ಬಿಡುತ್ತವೆ. ಸ್ಪ್ರಿಂಗು ಬಿಟ್ಟರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಎಂಜಿನ್ನಿನ ಹಿಡಿತ ತಪ್ಪಿದ ಗಾಡಿ ಏರಿನಲ್ಲಿ ಎಲ್ಲಿಗೆ ಹೋಗುತ್ತದೆ?

"ಅವತ್ತ ಗಾಡಿ ಹಿಂದ ಸರದಾಗ ನಿನ್ನ ಎಡಗಾಲ ಎಲ್ಲಿತ್ತು?" ದಾವಲಸಾಬ ಮೆಲ್ಲಗೆ ಕೇಳಿದ. "ಬಲಗಾಲ ಎಲ್ಲಿತ್ತು?"

ಆರು ವರ್ಷ ನೆನೆಯದೆ ಬಿಟ್ಟಿದ್ದ ಆ ಗಳಿಗೆ ಭರಮಪ್ಪನ ಕಣ್ಣ ಮುಂದೆ ಬಂದು ನಿಂತಿತು. ಎಂಜಿನ್ ಏದುಸಿರು ಬಿಟ್ಟಾಗ ಅವನು ಹೆದರಿದ್ದ. ಹೆದರಿ ಎಡಗಾಲನ್ನು ತಳಮಟ್ಟ ತುಳಿದಿದ್ದ. ಅಷ್ಟರವರೆಗೆ ಬರೀ ತಡವರಿಸುತ್ತಿದ್ದ ಗಾಡಿ ಹಿಂದಕ್ಕೆ ಓಡತೊಡಗಿದ್ದು ಆಮೇಲೆ. ಬಲಗಾಲು ಫುಟ್‌ಬೋರ್ಡಿನ ಮೇಲೆ ಮರಗಟ್ಟಿತ್ತು. ಬ್ರೇಕು ತಪ್ಪಿರಲಿಲ್ಲ. ಅವನು ಬ್ರೇಕ್ ತುಳಿದೇ ಇರಲಿಲ್ಲ.

ಅವನು ಹುಣಸೆಯ ಬೇರಿನ ಮೇಲೆ ಕುಸಿದು ಕೂತ. ಮನೆಯಲ್ಲಿ ಅಣ್ಣ ಹಗ್ಗ ಹೊಸೆಯುತ್ತ ಕೂತಿರುತ್ತಾನೆ, ಸೊಟ್ಟ ಕಾಲನ್ನು ಮುಂದೆ ಚಾಚಿಕೊಂಡು. ತಮ್ಮನ ಮೇಲೆ ಆ ಅಣ್ಣ ಒಂದು ದಿನವೂ ಮುನಿದವನಲ್ಲ. ಸಿಟ್ಟೆಲ್ಲ ಬ್ರೇಕಿನ ಮೇಲೆ.

"ಕಾಕಾ, ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದ.

"ನಾ ಯಾಕ ಹೇಳಲಿ? ನನ್ನ ಕೆಲಸ ಗಾಡಿದು," ಎಂದ ದಾವಲಸಾಬ. "ಆದ್ರ ಒಂದ ಮಾತ. ಕ್ಲಚ್ಚಿಗೆ ಕೇಡು ಆಗಿದ್ದು ನಿನ್ನ ಕಾಲಿಂದ. ಆ ಕಾಲ ಅಲ್ಲಿ ಯಾಕ ಕುಂತೈತಿ ಅನ್ನೂದು ನಿನಗ ಗೊತ್ತೈತಿ. ಅದನ್ನ ಬಿಚ್ಚೂ ಪಾನಾ ನನ್ನ ಹತ್ರ ಇಲ್ಲ."

ಮುಂದಿನ ನಾಲ್ಕು ದಿನ ಕೆಲಸ ನಡೆಯಿತು. ಪ್ಲೇಟನ್ನು ಒತ್ತಿ ಹಿಡಿಯುವ ದಪ್ಪ ಬಿಲ್ಲೆಯನ್ನೂ ನೀಲಿಗಟ್ಟಿದ ಚಕ್ರವನ್ನೂ ಪೇಟೆಯ ಲೇತಿಗೆ ಕಳಿಸಿ ಮುಖ ಸಮ ಮಾಡಿಸಿದರು. ಹೊಸ ಪ್ಲೇಟು ಬಂತು, ಹೊಸ ಬೇರಿಂಗ್ ಬಂತು. ಒಂದು ಹನಿ ಗ್ರೀಸ್ ಕೂಡ ಪ್ಲೇಟಿಗೆ ತಾಗದಂತೆ ದಾವಲಸಾಬ ಕೈ ತೊಳೆದುಕೊಂಡು ಅದನ್ನು ಕೂಡಿಸಿದ. ಗಾಡಿಯ ಎರಡು ಭಾಗ ಮತ್ತೆ ಒಂದಾದವು. ಕೊನೆಗೆ ಪೆಡಲಿನ ರಾಡನ್ನು ಸಡಿಲಿಸಿ, ಎರಡು ಬೆರಳಿಟ್ಟು ಅಳೆದು ಪ್ಲೇ ಬಿಟ್ಟ. ಮತ್ತೆ ಮೇಲಿನ ಗೇರು, ಮತ್ತೆ ಬ್ರೇಕು. ಕ್ಲಚ್ಚಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಗಪ್ಪೆಂದು ನಿಂತಿತು. ದಾವಲಸಾಬನ ಮುಖದಲ್ಲಿ ನಗು ಬಂತು.

ಆಮೇಲೆ ಅವನು ಭರಮಪ್ಪನನ್ನು ಕೆರೆಯ ಒಡ್ಡಿಗೆ ಕರೆದುಕೊಂಡು ಹೋಗಿ, ಏರಿನಲ್ಲಿ ನಿಲ್ಲಿಸುವುದನ್ನೂ ಎಬ್ಬಿಸುವುದನ್ನೂ ಹೊಸದಾಗಿ ಕಲಿಸಿದ. ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು ಮಗುವಿನ ಹಾಗೆ ಕಲಿತ. ನಿಲ್ಲಬೇಕಾದರೆ ಮೊದಲು ಬ್ರೇಕು. ಏಳಬೇಕಾದರೆ ಕೈಯಿಂದ ಎಂಜಿನ್ ಏರಿಸು, ಕ್ಲಚ್ಚನ್ನು ಮೆಲ್ಲಗೆ ಬಿಡು, ಎಂಜಿನ್ ದನಿ ತಗ್ಗಿದಾಗ ಬ್ರೇಕ್ ಬಿಡು. ಆಮೇಲೆ ಎಡಗಾಲು ಪೂರ್ತಿ ತೆಗೆದು ಫುಟ್‌ಬೋರ್ಡಿನ ಮೇಲಿಡು. ಸಣ್ಣ ಒಡ್ಡಿನ ಮೇಲೆ, ಖಾಲಿ ಗಾಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಬಂತು. ಈಜು ಕಲಿಯುವವರಿಗೆ ದಂಡೆಯ ನೀರು ಯಾವಾಗಲೂ ಸುಲಭ.

ಮನೆಯಲ್ಲಿ ಮಾತ್ರ ಅವನು ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಅಣ್ಣ "ಯಾಕ ಭರಮೂ, ಮಾರಿ ಸಣ್ಣ ಆಗೇತಿ, ಉಣವಲ್ಲಿ?" ಎಂದು ಕೇಳಿದಾಗಲಂತೂ ಎದ್ದು ಹೋಗುತ್ತಿದ್ದ. ಹೇಳಿದರೆ ಅಣ್ಣ ಏನನ್ನುತ್ತಾನೆ ಎಂಬ ಭಯ. ಏನೂ ಅನ್ನದೆ ಸುಮ್ಮನೆ ನೋಡಿದರೆ ಎಂಬ ಭಯ ಅದಕ್ಕಿಂತ ದೊಡ್ಡದು.

ಎಳ್ಳಮವಾಸ್ಯೆ ಬಂತು. ಹದಿನೇಳು ಮಂದಿ ಟ್ರೇಲರ್ ಏರಿದರು. ಬಾಳಪ್ಪ ಯಾವತ್ತಿನಂತೆ ಮಡ್‌ಗಾರ್ಡಿನ ಮೇಲೆ ಕೂತ. ಹೊಲದಲ್ಲಿ ಜೋಳ ಎದೆಮಟ್ಟ ಬೆಳೆದಿತ್ತು. ಚರಗ ಚೆಲ್ಲಿದರು, ಉಂಡರು, ಮಕ್ಕಳು ಕಡಲೆಗಿಡ ಕಿತ್ತು ತಿಂದರು. ಭರಮಪ್ಪ ಎರಡು ತುತ್ತು ಉಂಡು ಕೈ ತೊಳೆದ. ಅವನ ಕಣ್ಣೆಲ್ಲ ಏರಿನ ಮೇಲೆಯೇ ಇತ್ತು.

ಹೊತ್ತು ಇಳಿಯುವ ಮುಂಚೆ ಹೊರಟರು. ಏರು ಶುರುವಾಯಿತು. ಭರಮಪ್ಪ ಸಣ್ಣ ಗೇರಿಗೆ ಹಾಕಿ, ಎಡಗಾಲನ್ನು ಫುಟ್‌ಬೋರ್ಡಿನ ಮೇಲೆ ಒತ್ತಿ ಇಟ್ಟ. ಗಾಡಿ ಜಗ್ಗಿತು. ಎಂಜಿನ್ನಿಗೂ ಗಾಲಿಗೂ ಎಷ್ಟೋ ವರ್ಷದ ಮೇಲೆ ಮಾತುಕತೆ ಕೂಡಿತ್ತು. ಹಿಂದೆ ಹೆಂಗಸರು ಹಾಡು ಎತ್ತಿಕೊಂಡರು.

ನಡು ಏರಿಗೆ ಬಂದಾಗ ದಿಬ್ಬದ ಮೇಲಿನ ಕಾಲುದಾರಿಯಿಂದ ಎಮ್ಮೆಗಳು ಇಳಿದವು. ಒಂದಲ್ಲ, ಎರಡಲ್ಲ, ಇಡೀ ಹಿಂಡು. ದಾರಿಗೆ ಅಡ್ಡವಾಗಿ ನಿಂತವು. ಎಮ್ಮೆಗೆ ಯಾರ ಅವಸರವೂ ತಿಳಿಯುವುದಿಲ್ಲ. ಭರಮಪ್ಪ ಬಲಗಾಲಿನಲ್ಲಿ ಬ್ರೇಕ್ ಒತ್ತಿದ, ಆಮೇಲೆ ಕ್ಲಚ್ ತುಳಿದ. ಗಾಡಿ ನಿಂತಿತು. ಒಂದು ಗೇಣೂ ಹಿಂದೆ ಸರಿಯಲಿಲ್ಲ.

ಹಾಡು ನಿಂತುಹೋಯಿತು. ಅದೇ ಜಾಗ. ಟ್ರೇಲರಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಭರಮಪ್ಪ ತಿರುಗಿ ನೋಡಿದರೆ ಮಡ್‌ಗಾರ್ಡ್ ಖಾಲಿ. ಬಾಳಪ್ಪ ಆಗಲೇ ಇಳಿದಿದ್ದ. ಕುಂಟುತ್ತ ಹೋಗಿ, ದಿಬ್ಬದಿಂದ ಒಂದು ಕಲ್ಲು ಎತ್ತಿ, ಟ್ರೇಲರಿನ ಗಾಲಿಯ ಹಿಂದೆ ಕೊಟ್ಟಿದ್ದ. ಕೊಟ್ಟು ಈಚೆಗೆ ಬರಲಿಲ್ಲ. ಗಾಲಿಯ ಹಿಂದೆಯೇ ನಿಂತು, ಒಳ್ಳೆಯ ಕಾಲಿನಿಂದ ಆ ಕಲ್ಲನ್ನು ಒತ್ತಿ ಹಿಡಿದಿದ್ದ.

"ಅಣ್ಣಾ, ಅಲ್ಲಿ ನಿಂದ್ರಬ್ಯಾಡ. ಕಲ್ಲ ಬಿಟ್ಟು ಈ ಕಡೆ ಬಾ," ಎಂದು ಕೂಗಿದ ಭರಮಪ್ಪ.

"ಬಿಟ್ರ ಕಲ್ಲ ಜಾರತೈತಿ. ಅವತ್ತೂ ಜಾರಿತ್ತು. ನಾ ಒತ್ತಿ ಹಿಡದೀನಿ, ನೀ ಎಬ್ಬಿಸು."

"ಬ್ರೇಕ್ ಹಿಡದೈತಿ ಅಣ್ಣಾ."

"ಬ್ರೇಕಿನ ಮಾತ ನನಗ ಹೇಳಬ್ಯಾಡ," ಎಂದ ಬಾಳಪ್ಪ. "ಆ ಬ್ರೇಕ್ ನಂಬೂದರಾಗ ಅರ್ಥ ಇಲ್ಲ."

ಎಮ್ಮೆಗಳು ಒಂದೊಂದಾಗಿ ಸರಿಯುತ್ತಿದ್ದವು. ದಾರಿ ತೆರವಾಗುತ್ತಿತ್ತು. ಭರಮಪ್ಪ ತನ್ನ ಎಡಗಾಲನ್ನು ನೋಡಿಕೊಂಡ. ಗಾಡಿ ಎಬ್ಬಿಸುವಾಗ ತನ್ನ ಎಡಗಾಲು ಹಳೆಯ ಚಟಕ್ಕೆ ಬಿದ್ದು ಮತ್ತೆ ತಳಮಟ್ಟ ತುಳಿದರೆ? ಕಲ್ಲು ಹದಿನೇಳು ಮಂದಿಯ ಭಾರ ತಡೆಯುವುದಿಲ್ಲ. ಅಲ್ಲಿ ಅಣ್ಣ ನಿಂತಿದ್ದಾನೆ. ಅವನನ್ನು ಅಲ್ಲಿ ನಿಲ್ಲಿಸಿದ್ದು ಬ್ರೇಕೂ ಅಲ್ಲ, ಏರೂ ಅಲ್ಲ. ಬ್ರೇಕ್ ಹಿಡಿಯಲಿಲ್ಲ ಎಂದು ತಾನು ಆರು ವರ್ಷದ ಹಿಂದೆ ಹೇಳಿದ ಮಾತು. ಆ ಮಾತು ನಿಜವೆಂದು ನಂಬಿರುವವರೆಗೆ ಅಣ್ಣ ಆ ಜಾಗ ಬಿಡುವುದಿಲ್ಲ.

ಸುಮ್ಮನೆ ಎಬ್ಬಿಸಿಬಿಡಬಹುದಿತ್ತು. ದೇವರ ಮೇಲೆ ಭಾರ ಹಾಕಿ, ಆದದ್ದಾಗಲಿ ಎನ್ನಬಹುದಿತ್ತು. ಕೈ ಗೇರಿನ ಮೇಲಿತ್ತು. ಭರಮಪ್ಪ ಕೈ ತೆಗೆದ.

"ಅಣ್ಣಾ," ಎಂದ. "ಅವತ್ತ ಬ್ರೇಕ್ ತಪ್ಪಿರಲಿಲ್ಲ. ನಾ ಬ್ರೇಕ್ ತುಳಿಲೇ ಇಲ್ಲ. ಹೆದರಿ ಕ್ಲಚ್ ತುಳದೆ. ಗಾಡಿ ಹಿಂದ ಬಿಟ್ಟಾವ ನಾನ. ನಿನ್ನ ಕಾಲ ಮುರದಾವ ನಾನ."

ಕಸ್ತೂರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭರಮಪ್ಪನಿಗೆ ಹಿಂದೆ ತಿರುಗುವ ಧೈರ್ಯವಿರಲಿಲ್ಲ. ಬಲಗಾಲನ್ನು ಬ್ರೇಕಿನ ಮೇಲೆ ಒತ್ತಿಕೊಂಡು ಎಮ್ಮೆಗಳನ್ನೇ ನೋಡುತ್ತ ಕೂತ. ಕಣ್ಣು ತುಂಬಿ ಎಮ್ಮೆಗಳೂ ಕಾಣುತ್ತಿರಲಿಲ್ಲ.

ಹಿಂದಿನಿಂದ ಬಾಳಪ್ಪನ ದನಿ ಬಂತು.

"ತುಳಿಲೇ ಇಲ್ಲಾ?"

"ಇಲ್ಲಣ್ಣಾ."

"ಈಗ?"

"ಈಗ ತುಳದ ಕುಂತೀನಿ. ಅದರ ಮ್ಯಾಲ ನಿಂತೈತಿ ಗಾಡಿ."

ಕಲ್ಲನ್ನು ಒತ್ತಿದ ಕಾಲು ಎದ್ದಿತು. ಬಾಳಪ್ಪ ಗಾಲಿಯ ಹಿಂದಿನಿಂದ ಹೊರಗೆ ಬಂದ. ಟ್ರೇಲರಿನ ಬದಿ ಹಿಡಿದು ಕುಂಟುತ್ತ ಕುಂಟುತ್ತ ಮುಂದೆ ಬಂದು, ಮಡ್‌ಗಾರ್ಡ್ ಏರಿ ಕೂತ. ತಮ್ಮನ ಮುಖ ನೋಡಲಿಲ್ಲ. ಕೆಳಗೆ, ಕ್ಲಚ್ಚಿನ ಮೇಲಿದ್ದ ಎಡಗಾಲನ್ನು ನೋಡಿದ.

"ನಡಿ. ಆ ಕಾಲ ತಗಿ," ಎಂದ.

ಭರಮಪ್ಪ ಎಂಜಿನ್ ಏರಿಸಿದ. ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಎಂಜಿನ್ ದನಿ ತಗ್ಗಿತು, ಗಾಡಿ ಮೈ ಬಿಗಿ ಹಿಡಿಯಿತು. ಬ್ರೇಕ್ ಬಿಟ್ಟ. ಒಂದು ಗಳಿಗೆ ಎಡಗಾಲು ತಾನಾಗಿಯೇ ಪೆಡಲ್ ಕಡೆಗೆ ಹೊರಳಿತು. ಅವನು ಅದನ್ನು ಎತ್ತಿ ಫುಟ್‌ಬೋರ್ಡಿನ ಮೇಲಿಟ್ಟ. ಟ್ರ್ಯಾಕ್ಟರ್ ಹದಿನೇಳು ಮಂದಿಯನ್ನು ಎಳೆದುಕೊಂಡು ಏರು ಹತ್ತಿತು. ಸುಟ್ಟ ವಾಸನೆ ಬರಲಿಲ್ಲ.

ಮೇಲೆ ಬಂದ ಮೇಲೆ ಬಾಳಪ್ಪ ಇಳಿದ.

"ಗಾಡಿಗೆ ಹೊಸಾ ಪ್ಲೇಟ್ ಸಿಕ್ತು. ನನ್ನ ಕಾಲಿಗೆ ಸಿಗೂದಿಲ್ಲ ಭರಮೂ," ಎಂದ. ಮಿಕ್ಕ ದಾರಿಯನ್ನು ನಡೆದೇ ಹೋದ. ಎಂಟು ದಿನ ತಮ್ಮನೊಡನೆ ಮಾತಾಡಲಿಲ್ಲ. ಭರಮಪ್ಪ ಆ ಎಂಟು ದಿನವನ್ನೂ ತಲೆ ತಗ್ಗಿಸಿ ಅನುಭವಿಸಿದ. ಅದು ಅವನ ಪಾಲಿಗೆ ಬರಬೇಕಾದದ್ದೇ ಆಗಿತ್ತು.

ಒಂಬತ್ತನೆಯ ದಿನ ಅವನು ಹೊಲಕ್ಕೆ ಹೊರಟಾಗ ಬಾಳಪ್ಪ ಹಗ್ಗ ಪಕ್ಕಕ್ಕಿಟ್ಟು ಎದ್ದ. ಬಂದು ಮಡ್‌ಗಾರ್ಡಿನ ಮೇಲೆ ಕೂತ. ಭರಮಪ್ಪ ಗಾಡಿ ಚಾಲೂ ಮಾಡಿದ. ಮಧ್ಯಾಹ್ನ ಕಡಲೆಯ ಹೊರೆ ಹೇರಿಕೊಂಡು ಇಬ್ಬರೂ ಅದೇ ಏರು ಹತ್ತಿದರು. ಭರಮಪ್ಪನಿಗೆ ಭಯ ಆಯಿತು, ಇಲ್ಲವೆಂದರೆ ಸುಳ್ಳು. ಆದರೆ ಏರು ಮುಗಿಯುವವರೆಗೆ ಬಾಳಪ್ಪ ಒಂದು ಸಲವೂ ತಮ್ಮನ ಕಾಲಿನ ಕಡೆ ಬಗ್ಗಿ ನೋಡಲಿಲ್ಲ. ಹೊಲದ ಮಾತಾಡುತ್ತ ಕೂತಿದ್ದ.

ನೀತಿ: ಹೆದರಿಕೆ ತಪ್ಪಲ್ಲ, ಎಲ್ಲರಿಗೂ ಆಗುತ್ತದೆ. ಆದರೆ ಹೆದರಿಕೆಯಿಂದ ಹಿಡಿಯದೆಯೂ ಬಿಡದೆಯೂ ನಡುವೆ ಕಾಲಿಟ್ಟುಕೊಂಡು ಬದುಕುವವನು ತನ್ನ ಕೈಯಲ್ಲಿರುವುದನ್ನು ತಾನೇ ಸುಡುತ್ತಾನೆ. ಹೆದರಿ ಮಾಡಿದ ತಪ್ಪನ್ನು ಬೇರೆಯದರ ಮೇಲೆ ಹಾಕಿದರೆ, ಆ ಸುಳ್ಳನ್ನು ನಂಬಿದವರೇ ಮತ್ತೆ ಗಾಲಿಯ ಹಿಂದೆ ನಿಲ್ಲಬೇಕಾಗುತ್ತದೆ. ಅವರು ಅಲ್ಲಿ ನಿಲ್ಲುವ ಮೊದಲೇ ನಿಜ ಹೇಳಿಬಿಡಿ.